ಅರವತ್ತನಾಲ್ಕನೇ ಸಹಿ

ಜಾಹಾ ಅಂದರೆ ಮನೆಗೆ ಬರಬೇಕು. ಹೆಣ್ಣು ಕೇಳಲು ಬರಲಿ, ರಕ್ತ ಹರಿದ ಜಗಳಕ್ಕೆ ರಾಜಿ ಕೇಳಲು ಬರಲಿ, ಹಿರಿಯರು ಗುಂಪಾಗಿ ಬಂದು ಮನೆಯ ನಡುಕೋಣೆಯಲ್ಲಿ ಕೂರುವುದು ಅಮ್ಮಾನ್ ನಗರದ ಪದ್ಧತಿ. ನಿಬಾಲ್ ಮಾತ್ರ, "ಅವರು ಕೇಳೋದು ಅಂಗಡೀನ ತಾನೆ? ಅಂಗಡಿಗೇ ಬರಲಿ" ಎಂದುಬಿಟ್ಟಳು.

ಸುದ್ದಿ ತಂದವರು ಎದುರು ಅಂಗಡಿಯ ಅಬು ರಕಾನ್. ಅವರು ಒಳಗೆ ಬಾರದೆ ಬಾಗಿಲಲ್ಲೇ ನಿಂತಿದ್ದರು. ಸನಾಬೆಲ್ ಮಾಲ್‌ನ ಎರಡನೇ ಮಹಡಿಯಲ್ಲಿ ಅವರ ಚಪ್ಪಲಿ ಅಂಗಡಿಯೂ ಅವಳ ಕನ್ನಡಕದ ಅಂಗಡಿಯೂ ಇಪ್ಪತ್ತೆಂಟು ವರ್ಷದಿಂದ ಒಂದರ ಮುಖ ಒಂದು ನೋಡುತ್ತ ಕೂತಿವೆ.

"ಜಾಹಾದ ಮುಂದಾಳಾಗಿ ತಲಾಲ್ ಪಾಶಾ ಬರ್ತಾರೆ ತಂಗಿ. ಎಪ್ಪತ್ತೆಂಟಾಯ್ತು ಅವರಿಗೆ. ಆ ಎಸ್ಕಲೇಟರ್ ಹತ್ತಿಸ್ತೀಯಾ ಅವರನ್ನ?"

"ನಾನು ದಿನಾ ಹತ್ತಲ್ವಾ?"

"ನಿನ್ನ ಮಾತು ಬೇರೆ. ಅವರು ಸೈನ್ಯದಲ್ಲಿದ್ದೋರು. ಶತ್ರುಗಳ ಬೆಟ್ಟ ಹತ್ತಿ ಅಭ್ಯಾಸ, ನಮ್ಮದಲ್ಲ."

ಅವಳು ನಗಲಿಲ್ಲ. ಹೇಳಿದವರೂ ನಗಲಿಲ್ಲ.

ಎಸ್ಕಲೇಟರ್ ನಿಂತು ಆರು ವರ್ಷವಾಗಿತ್ತು. ನಿಂತ ಎಸ್ಕಲೇಟರ್ ಹತ್ತುವುದು ಮೆಟ್ಟಿಲು ಹತ್ತಿದ ಹಾಗಲ್ಲ. ಒಂದೊಂದು ಹೆಜ್ಜೆಯೂ ಎಣಿಸಿದ್ದಕ್ಕಿಂತ ಬೆರಳಗಲ ಎತ್ತರವೇ ಇರುತ್ತದೆ. ಲಿಫ್ಟು ಅದಕ್ಕೂ ಮೊದಲೇ ಹೋಗಿತ್ತು. ಕೆಳಗಿನ ಕಾರಂಜಿ ಒಣಗಿ, ಮೇಲಿನ ಗಾಜಿನ ಗುಮ್ಮಟದಲ್ಲಿ ಎರಡು ಗಾಜು ಒಡೆದು, ಆ ದಾರಿಯಾಗಿ ಪಾರಿವಾಳಗಳು ಒಳಬಂದು ನೆಲೆಸಿದ್ದವು. ಮಾಲ್‌ನ ಓಣಿಗಳಿಗೆ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾತ್ರ ಬೆಳಕು. ಆಮೇಲೆ ಯಾರ ಅಂಗಡಿಯ ದೀಪ ಅವರಿಗೆ. ಎರಡನೇ ಮಹಡಿಯಲ್ಲಿ ಅಂಥ ದೀಪ ಉಳಿದದ್ದು ಎರಡೇ.

ಅರವತ್ತನಾಲ್ಕು ಅಂಗಡಿಗೆ ಅರವತ್ತನಾಲ್ಕು ಮಾಲೀಕರು. ಕುವೈತಿನ ಯುದ್ಧದಲ್ಲಿ ಬರಿಗೈಯಲ್ಲೋ ಅರೆಗೈಯಲ್ಲೋ ವಾಪಸಾದ ಸಂಸಾರಗಳು ಉಳಿದದ್ದನ್ನೆಲ್ಲ ಸುರಿದು ಒಂದೊಂದು ಅಂಗಡಿ ಕೊಂಡಿದ್ದರು. ಈಗ ಒಂದು ಕಂಪನಿ ಇಡೀ ಕಟ್ಟಡ ಕೇಳುತ್ತಿತ್ತು. ಕೆಡವಿ, ನೆಲದಡಿ ಪಾರ್ಕಿಂಗ್, ಮೇಲೆ ಕ್ಲಿನಿಕ್‌ಗಳು, ಅದರ ಮೇಲೆ ಫ್ಲ್ಯಾಟುಗಳನ್ನು ಕಟ್ಟುವುದೆಂದು ನಕ್ಷೆಯೂ ಆಗಿತ್ತು. ಕೊಟ್ಟರೆ ಎಲ್ಲರೂ ಕೊಡಬೇಕು, ಒಬ್ಬರು ಬಿಟ್ಟರೂ ಬೇಡ ಎಂಬುದು ಕಂಪನಿಯ ಷರತ್ತು. ಅರವತ್ತಮೂರು ಸಹಿ ಬಿದ್ದಿತ್ತು. ತಿಂಗಳ ಕೊನೆಯೇ ಗಡುವು. ಜಾಹಾ ಬರುವುದು ಅದರ ಹಿಂದಿನ ದಿನ, ಗುರುವಾರ.

ನಿಬಾಲ್ ಕೊಡುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ, ಕೊಡುತ್ತೇನೆ ಎಂದೂ ಹೇಳಿರಲಿಲ್ಲ. ಕರಾರು ಪತ್ರ ನಾಲ್ಕು ತಿಂಗಳಿಂದ ಖಾನೆಯಲ್ಲಿ, ಮೂಗಿಗೆ ಕೂರುವ ರಬ್ಬರಿನ ಬಿಲ್ಲೆಗಳ ಡಬ್ಬಿಯಡಿ ಇತ್ತು. ಕೇಳಿದವರಿಗೆ "ನೋಡೋಣ" ಎನ್ನುತ್ತಿದ್ದಳು. ನೋಡುತ್ತಿರಲಿಲ್ಲ.

ಅಂಗಡಿ ಕೊಂಡ ದಿನ ತಂದೆ ಖಾಲಿ ನೆಲದ ಮೇಲೆ ಪತ್ರಿಕೆ ಹಾಸಿ ಕೂತಿದ್ದರು. ಅವರ ತಂದೆಯನ್ನು ಹುಟ್ಟೂರು ಲಿದ್ದಾದ ಹೊಲದಿಂದ ಎಬ್ಬಿಸಿದ್ದರು. ಆಮೇಲೆ ಇವರನ್ನು ಕುವೈತಿನ ಸಾಲ್ಮಿಯಾದ ಅಂಗಡಿಯಿಂದ ಎಬ್ಬಿಸಿದ್ದರು. ಕಾರಿನ ತಲೆಯ ಮೇಲೆ ಹಾಸಿಗೆ ಕಟ್ಟಿಕೊಂಡು ಮರುಭೂಮಿ ದಾಟಿದಾಗ ನಿಬಾಲ್‌ಗೆ ಹದಿನೇಳು. "ಇಲ್ಲಿಂದ ನಮ್ಮನ್ನ ಯಾರೂ ಏಳಿ ಅನ್ನೋ ಹಾಗಿಲ್ಲ" ಎಂದಿದ್ದರು ತಂದೆ, ಆ ಪತ್ರಿಕೆಯ ಮೇಲೆ ಕೂತು. ಏಳು ವರ್ಷದ ಹಿಂದೆ ಅವರು ಹೋದರು. ಹೋಗುವ ಮೊದಲೇ ಅಂಗಡಿಯನ್ನು ಅವಳ ಹೆಸರಿಗೆ ಬರೆದಿದ್ದರು. ಅಂಗಡಿಯಿಂದ ಈಗ ಅವಳಿಗೆ ದೊಡ್ಡ ಪ್ರಯೋಜನವೇನೂ ಇರಲಿಲ್ಲ. ಬೆಳಿಗ್ಗೆ ಬಂದು ಕೂರಲು ಒಂದು ಜಾಗ. ಅಲ್ಲಿಂದ ಏಳು ಎಂದು ಯಾರೂ ಹೇಳಬಾರದು, ಅಷ್ಟೆ.

ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅಬು ರಕಾನ್ ಎರಡು ಕೈಯಲ್ಲೂ ಗಿಡ್ಡ ಸ್ಟೂಲುಗಳನ್ನು ಹಿಡಿದು ಬಂದರು. ಗಿರಾಕಿಗಳು ಕಾಲಿಟ್ಟು ಚಪ್ಪಲಿ ಹಾಕಿ ನೋಡುವ ಸ್ಟೂಲುಗಳು.

"ನಿನ್ನ ಹತ್ರ ಮೂರೇ ಕುರ್ಚಿ. ಬರೋರು ಏಳು ಜನ."

"ನೀವೂ ಆ ಏಳರಲ್ಲಿ ಒಬ್ಬರಾ?"

ಅವರು ಸ್ಟೂಲಿನ ಕಾಲು ಸರಿಮಾಡುತ್ತ ತಡೆದು ಹೇಳಿದರು: "ಹೌದು."

"ಆ ಕಡೆಯವರು ಈ ಕಡೆಗೆ ಸ್ಟೂಲು ಹೊರ್ತಾರಾ?"

"ಆ ಕಡೆಯವರೂ ಕೂರಬೇಕಲ್ಲ, ಡಾಕ್ಟ್ರೇ."

ಕಣ್ಣು ಪರೀಕ್ಷೆ ಮಾಡುತ್ತಾಳೆಂದು ಮಾಲ್‌ನಲ್ಲಿ ಎಲ್ಲರೂ ಅವಳನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ತಿದ್ದಿ ತಿದ್ದಿ ಅವಳಿಗೇ ಸಾಕಾಗಿತ್ತು.

ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕದ ವಿದ್ಯುತ್ ಒಲೆಯ ಮೇಲೆ, ಏಲಕ್ಕಿ ಹಾಕಿ ಕಹಿ ಕಾಫಿ ಕಾಯಿಸಿದಳು. ಸಕ್ಕರೆ ಇಲ್ಲ. ಕೊಕ್ಕಿನ ಹೂಜಿಗೆ ಬಗ್ಗಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲುಗಳನ್ನು ತೊಳೆದಿಟ್ಟಳು. ಜಾಹಾ ಬಂದಾಗ ಮೊದಲು ಕಾಫಿ ಸುರಿಯುವುದು, ಬಂದವರು ಅದನ್ನು ಮುಂದಿಟ್ಟುಕೊಂಡು ಕೂರುವುದು. ಕೇಳಿದ್ದು ಸಿಗುವವರೆಗೆ ತುಟಿಗೆ ತಾಕಿಸುವ ಹಾಗಿಲ್ಲ. "ಕಾಫಿ ಕುಡೀರಿ" ಎಂದು ಮನೆಯವರು ಹೇಳಿದರೆ ಕೊಟ್ಟಂತೆ. ಅಲ್ಲಿಗೆ ಮಾತು ಮುಗಿಯಿತು, ಕಾಗದಪತ್ರವೆಲ್ಲ ಆಮೇಲಿನದು. ಹೀಗೆ ಕುಡಿಯಲು ಹೇಳಿ ಆಮೇಲೆ ಮಾತು ತಪ್ಪಿದವರನ್ನು ನಿಬಾಲ್ ಕಂಡಿರಲಿಲ್ಲ.

ಜಾಹಾ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿತ್ತು. ಲೋಹದ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ನಡುವೆ ಎರಡು ಸಲ ನಿಂತಿತು. ಪಾರಿವಾಳಗಳು ಎದ್ದು ಗುಮ್ಮಟದ ಸುತ್ತ ಹಾರಿ ಮತ್ತೆ ಕೂತವು.

ಮುಂದೆ ತಲಾಲ್ ಪಾಶಾ, ಕಪ್ಪು ಕೋಟು, ಕೆಂಪು ಚೌಕಳಿಯ ತಲೆವಸ್ತ್ರ. ಹಿಂದೆ ಮಾಲ್‌ನ ನಾಲ್ವರು ಮಾಲೀಕರು. ಅವರ ಹಿಂದೆ ಕಂಪನಿಯ ಇಂಜಿನಿಯರ್ ಸಿನಾನ್, ದುಬೈನಲ್ಲಿ ಬೆಳೆದ ಮೂವತ್ತೈದರ ಆಸುಪಾಸಿನವನು, ಬೆವರಿ ಅಂಗಿ ಬೆನ್ನಿಗಂಟಿತ್ತು. ಕೊನೆಗೆ, ಇಲ್ಲೇ ಇದ್ದರೂ ಕ್ರಮ ತಪ್ಪಬಾರದೆಂದು ಕೆಳಗಿಳಿದು ಅವರೊಂದಿಗೆ ಮತ್ತೆ ಹತ್ತಿ ಬಂದ ಅಬು ರಕಾನ್.

"ಅಸ್ಸಲಾಮು ಅಲೈಕುಂ ಮಗಳೇ," ಎಂದರು ಪಾಶಾ, ಏದುಸಿರು ಅಡಗಿಸುತ್ತ. "ಕೊಲೆ ಕೇಸಿಗೂ ನನ್ನನ್ನ ಇಷ್ಟು ಎತ್ತರ ಹತ್ತಿಸಿರಲಿಲ್ಲ."

"ವ ಅಲೈಕುಂ ಸಲಾಂ ಪಾಶಾ. ಬನ್ನಿ, ಕುರ್ಚಿ ನಿಮಗೆ."

ಪಾಶಾ, ಹಿರಿಯರಿಬ್ಬರು ಕುರ್ಚಿಯಲ್ಲಿ ಕೂತರು. ಉಳಿದವರು ಸ್ಟೂಲುಗಳಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ. ಸುತ್ತ ಗೋಡೆಯ ಮೇಲೆ ಕಣ್ಣಿಲ್ಲದ ಕನ್ನಡಕಗಳು. ನಿಬಾಲ್ ಕಾಫಿ ಸುರಿದು ಒಬ್ಬೊಬ್ಬರ ಮುಂದೂ ಇಟ್ಟಳು.

ಪಾಶಾ ಬಟ್ಟಲನ್ನು ಬೆರಳಿನಿಂದ ಒಂದಿಷ್ಟು ದೂರ ಸರಿಸಿದರು. "ಐವತ್ತು ವರ್ಷದಿಂದ ಜಾಹಾ ನಡೆಸ್ತಿದ್ದೀನಿ. ಬಿಸಿ ಕಾಫಿ ರುಚಿ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ," ಎಂದರು. ಹಿರಿಯರು ನಕ್ಕರು. ಆಮೇಲೆ ಪಾಶಾ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅಲ್ಲಾಹನನ್ನು ಹೊಗಳಿದರು. ಪ್ರವಾದಿಯನ್ನು ನೆನೆದರು. ಅವಳ ತಂದೆಯನ್ನು ಅಲ್ಲಾಹ್ ಕರುಣಿಸಲಿ ಎಂದರು. ಅವಳ ತಂದೆ ಕೊಟ್ಟ ಕನ್ನಡಕದಲ್ಲೇ ತಾವು ಹತ್ತು ವರ್ಷ ಪತ್ರಿಕೆ ಓದಿದ್ದಾಗಿ ಹೇಳಿದರು. ಅದು ನಿಜವೋ ಜಾಹಾದ ಮರ್ಯಾದೆಯೋ ನಿಬಾಲ್‌ಗೆ ತಿಳಿಯಲಿಲ್ಲ.

"ಈ ಕಟ್ಟಡ ನಮ್ಮೆಲ್ಲರ ಹಾಗೇ ಮಗಳೇ," ಎಂದರು. "ಒಳ್ಳೇದನ್ನ ಕಂಡಿದೆ. ಈಗ ದಣಿದಿದೆ. ಅರವತ್ತಮೂರು ಮನೆಯವರು ನಿನ್ನ ಬಾಗಿಲಿಗೆ ಬಂದಿದಾರೆ. ನಾನು ಬಂದಿರೋದು—"

ಸರ್ ಎಂದು ಹೀರಿದ ಸದ್ದಾಯಿತು.

ಸಿನಾನ್ ಕಾಫಿ ಕುಡಿದಿದ್ದ. ಕುಡಿದು, ಖಾಲಿ ಬಟ್ಟಲನ್ನು ನಿಬಾಲ್ ಕಡೆ ಚಾಚಿದ್ದ. "ತುಂಬ ಚೆನ್ನಾಗಿದೆ ಮೇಡಂ. ಇನ್ನೊಂದು ಸಿಗುತ್ತಾ?"

ಒಬ್ಬ ಹಿರಿಯರು ಕಣ್ಣು ಮುಚ್ಚಿಕೊಂಡರು.

"ಏನಾಯ್ತು?" ಎಂದ ಸಿನಾನ್.

"ಏನಾಗಿಲ್ಲ ಇಂಜಿನಿಯರ್ ಸಾಹೇಬ್ರೆ," ಎಂದರು ಪಕ್ಕದ ಸ್ಟೂಲಿನವರು. "ನಿಮಗೆ ಬಾಯಾರಿತ್ತು, ಅಷ್ಟೆ. ನಾಲ್ಕು ತಿಂಗಳ ಕೆಲಸ ಒಂದೇ ಗುಟುಕಿಗೆ ಮುಗಿಸಿದ್ರಿ."

"ಬರೀ ಕಾಫಿ ತಾನೆ?"

"ದುಬೈನಲ್ಲಿ ಬರೀ ಕಾಫಿ," ಎಂದರು ಪಾಶಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕುಡಿದವನಿಗೆ ಇನ್ನು ಕೇಳೋಕೆ ಏನೂ ಉಳಿದಿಲ್ಲ ಅಂತ ಅರ್ಥ, ಮಗನೇ. ನಮ್ಮಲ್ಲೊಬ್ಬ ಕುಡಿದಾಯ್ತು. ಇನ್ನು ನಾನು ಯಾವ ಮುಖ ಇಟ್ಕೊಂಡು ಕೇಳಲಿ? ನಾವು ಬಂದದ್ದು ಕಾಫಿಗೆ ಅಂತ ಆಯ್ತು."

"ಹಾಗಾದ್ರೆ ನಾಳೆ ಮತ್ತೆ ಬರೋಣ."

"ನಾಳೆ ಶುಕ್ರವಾರದ ಜುಮ್ಮಾ. ನಾಳೆ ನಿಮ್ಮ ಗಡುವೂ ಹೌದು. ಅದೂ ಅಲ್ಲದೆ ಇದನ್ನ ಎರಡನೇ ಸಲ ಹತ್ತೋ ಮೊಣಕಾಲು ನನಗಿಲ್ಲ." ಪಾಶಾ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ತಮ್ಮ ಬಟ್ಟಲನ್ನು ಎತ್ತಿ ಒಂದು ಗುಟುಕು ಕುಡಿದರು. "ಕಾಫಿಗೆ ಬಂದೋರು ಕುಡಿಯದೆ ಹೋಗಬಾರದು. ನಿನ್ನ ಕೈ ತಣ್ಣಗಿರಲಿ ಮಗಳೇ." ಉಳಿದವರೂ ಕುಡಿದರು. ಒಬ್ಬೊಬ್ಬರಾಗಿ ಹೊರನಡೆದರು. ಸಿನಾನ್ ಬಾಗಿಲಲ್ಲಿ ತಿರುಗಿ ಏನೋ ಹೇಳಹೋದ. ಹಿಂದಿದ್ದವರು ಅವನ ಬೆನ್ನಿಗೆ ಕೈಹಾಕಿ ಮುಂದೆ ನೂಕಿದರು.

ನಿಬಾಲ್ ನಿಂತೇ ಇದ್ದಳು. ಅಂಗಡಿ ಉಳಿದಿತ್ತು. ಬೇಡ ಅನ್ನುವ ಕಷ್ಟವೂ ಅವಳಿಗೆ ಬೀಳಲಿಲ್ಲ. ಸಮಾಧಾನ ಆಗಬೇಕಿತ್ತು. ಬಟ್ಟಲುಗಳನ್ನು ತೊಳೆಯಬೇಕು ಎಂಬುದೊಂದೇ ಮನಸ್ಸಿಗೆ ಬಂತು. ತಟ್ಟೆಗೆ ಒಂದೊಂದಾಗಿ ಎತ್ತಿಡುತ್ತ ಬಂದಾಗ ಕೊನೆಯ ಸ್ಟೂಲಿನ ಮುಂದಿನ ಬಟ್ಟಲು ತುಂಬಿತ್ತು. ಸ್ಟೂಲಿನ ಮೇಲೆ ಅಬು ರಕಾನ್ ಕೂತೇ ಇದ್ದರು.

"ನಾನು ಕುಡಿದಿಲ್ಲ," ಎಂದರು.

"ಅವರೆಲ್ಲ ಹೋದ್ರು."

"ನೋಡಿದೆ. ನಾನು ಅವರ ಜೊತೆ ಬಂದೆ, ಕೇಳೋದು ಬೇರೆ ಇದೆ."

ಅವಳು ತಟ್ಟೆ ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಅವರು ಬಟ್ಟಲನ್ನೇ ನೋಡುತ್ತಿದ್ದರು.

"ಹೋದ ತಿಂಗಳು ಎಂಟು ದಿನ ಒಂದು ಜೊತೆ ಚಪ್ಪಲೀನೂ ಹೋಗಲಿಲ್ಲ. ಒಂಬತ್ತನೇ ದಿನ ಒಬ್ಬ ಹೆಂಗಸು ಬಂದ್ಲು. ಹೊರಗೆ ಹೋಗೋ ದಾರಿ ಯಾವ ಕಡೆ ಅಂತ ಕೇಳೋಕೆ."

"ನನ್ನ ಹತ್ರಾನೂ ಬಂದಿದ್ಲು. ನಿಮ್ಮನ್ನ ಕೇಳು ಅಂತ ಕಳಿಸಿದೆ."

"ನೀನಾ ಕಳಿಸಿದ್ದು?" ಅಬು ರಕಾನ್ ಒಂದು ಕ್ಷಣ ನಕ್ಕರು. ಆಮೇಲೆ ಮುಖ ಒರೆಸಿಕೊಂಡರು. "ನನ್ನ ಹೆಂಡತಿ ದಿನಾ ಕೇಳ್ತಾಳೆ, ಅಲ್ಲಿ ಏನಿದೆ ಅಂತ ಹೋಗ್ತೀರಿ ಅಂತ. ನಾನು ವ್ಯಾಪಾರ ಅಂತೀನಿ. ಅವಳೇನು ದಡ್ಡಿಯಾ? ಮಧ್ಯಾಹ್ನದ ಮುಜದ್ದರಾ ಇಬ್ಬರಿಗೆ ಆಗೋಷ್ಟು ಕಟ್ಟಿ ಕೊಡ್ತಾಳೆ."

ಆ ಬೇಳೆಯನ್ನದ ಡಬ್ಬಿಯಿಂದ ಅರ್ಧ ನಿಬಾಲ್ ಇಷ್ಟು ವರ್ಷ ಉಂಡಿದ್ದಳು.

"ಎರಡು ವರ್ಷದ ಹಿಂದೆಯೇ ಮುಚ್ಚಬೇಕು ಅಂತಿದ್ದೆ ತಂಗಿ. ಶಟರ್ ಎಳೆಯೋಕೆ ಕೈ ಎತ್ತಿದ್ರೆ ಎದುರಿಗೆ ನೀನು ದೀಪ ಹಾಕ್ಕೊಂಡು ಕೂತಿರ್ತೀಯ. ಇಡೀ ಮಹಡೀಲಿ ಒಬ್ಬಳೇ ಹೆಣ್ಣುಮಗಳನ್ನ ಕತ್ತಲೇಲಿ ಬಿಟ್ಟು ಹೆಂಗೆ ಹೋಗ್ಲಿ? ನಿನ್ನ ತಂದೆ ಕೊನೇ ಸಲ ಇಲ್ಲಿಗೆ ಬಂದಾಗ, ಅವಳನ್ನ ನೋಡ್ಕೊ ಅಂತ ಒಂದು ಮಾತು ಹೇಳಿದ್ರು. ಅದಕ್ಕೇ ಬರ್ತಿದ್ದೀನಿ. ಬೇರೆ ಏನಕ್ಕೂ ಅಲ್ಲ."

"ನೀವು ಅಂಗಡಿ ತೆಗೀತೀರಿ ಅಂತ ನಾನು ತೆಗೀತಿದ್ದೆ," ಎಂದಳು ನಿಬಾಲ್.

ಹೇಳಿದ ಮೇಲೆ ಅವಳಿಗೆ, ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ ಅನ್ನಿಸಿತು. ಅವರು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

"ಕಂಪನಿಗೆ ಕೊಡು ಅಂತ ನಾನು ಕೇಳಲ್ಲ," ಎಂದರು. "ಕೊಡದಿದ್ರೂ ನಿನ್ನ ಮೇಲೆ ನನಗೆ ಬೇಜಾರಿಲ್ಲ. ಆದ್ರೆ ನನಗೆ ಮನೆಗೆ ಹೋಗಬೇಕು. ಅಂಗಳದಲ್ಲಿ ಒಂದು ಅಂಜೂರದ ಗಿಡ ಇದೆ, ಅದರ ಕೆಳಗೆ ಸುಮ್ಮನೆ ಕೂರಬೇಕು. ನೀನು ಇಲ್ಲಿ ಕೂತಿರೋವರೆಗೂ ನಾನು ಏಳೋಕಾಗಲ್ಲ. ನನ್ನನ್ನ ಬಿಟ್ಟುಕೊಡು ಅಂತ ಕೇಳ್ತಿದ್ದೀನಿ. ಅಷ್ಟೇ ನನ್ನ ಜಾಹಾ."

ಹೊರಗೆ ಜಾಹಾ ಇನ್ನೂ ಇಳಿಯುತ್ತಿತ್ತು. ಪಾಶಾ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದುದು ಕೇಳಿಸುತ್ತಿತ್ತು.

ನಿಬಾಲ್ ಅವರ ಕೈ ನೋಡಿದಳು. ಗಂಟುಕಟ್ಟಿದ ಬೆರಳುಗಳು ಮಂಡಿಯ ಮೇಲಿದ್ದವು. ತನ್ನನ್ನು ಯಾರು ಎಬ್ಬಿಸುತ್ತಾರೋ ಎಂದು ಬಾಗಿಲು ಕಾದದ್ದೇ ಆಯಿತು. ಎದುರಿಗೊಬ್ಬರು ಏಳಲಾರದೆ ಕೂತಿದ್ದು ಕಣ್ಣ ಮುಂದೇ ಇತ್ತು, ಕಂಡಿರಲಿಲ್ಲ. ತಂದೆ ಇದಕ್ಕೆ ಏನೆನ್ನುತ್ತಿದ್ದರು ಎಂದು ಯೋಚಿಸಲು ನೋಡಿದಳು. ತಂದೆಯ ದನಿ ಬರಲಿಲ್ಲ. ಅವಳಿಗೆ ತುಂಬ ಸುಸ್ತಾಗಿತ್ತು.

ಅವಳು ಎದ್ದು ಅವರ ಮುಂದಿನ ಬಟ್ಟಲನ್ನು ತೆಗೆದುಕೊಂಡಳು. ಅಬು ರಕಾನ್ ತಲೆ ತಗ್ಗಿಸಿದರು, ಇಲ್ಲ ಎಂದಳೆಂದುಕೊಂಡು. ಹಿಂದಿನ ಕೋಣೆಗೆ ಹೋಗಿ ಆರಿದ ಕಾಫಿ ಚೆಲ್ಲಿದಳು. ಒಲೆ ಹಚ್ಚಿ, ಹೂಜಿಯಲ್ಲಿ ಉಳಿದದ್ದನ್ನು ಮತ್ತೆ ಬಿಸಿ ಮಾಡಿ, ಅದೇ ಬಟ್ಟಲಿಗೆ ಬಗ್ಗಿಸಿ ತಂದು ಕೊಟ್ಟಳು.

"ಕುಡೀರಿ ಅಬು ರಕಾನ್."

ಅವರು ಬಟ್ಟಲು ಹಿಡಿದರು, ಎತ್ತಲಿಲ್ಲ. "ಯೋಚಿಸಿ ಹೇಳ್ತಿದ್ದೀಯಾ? ನನಗೋಸ್ಕರ ಅಂತ ಹೇಳಿ ಆಮೇಲೆ ಮನೇಲಿ ಕೂತು ಅಳಬೇಡ."

"ಅಳು ಬಂದ್ರೆ ಅಳ್ತೀನಿ. ನೀವು ಕುಡೀರಿ, ಮತ್ತೆ ಆರುತ್ತೆ."

ಮೂರು ಗುಟುಕಿನಲ್ಲಿ ಕುಡಿದು, ಸಾಕು ಎಂಬಂತೆ ಬಟ್ಟಲನ್ನು ಅಲ್ಲಾಡಿಸಿ ಹಿಂತಿರುಗಿಸಿದರು.

ನಿಬಾಲ್ ಖಾನೆ ಎಳೆದು, ಡಬ್ಬಿ ಪಕ್ಕಕ್ಕಿಟ್ಟು, ಕರಾರು ಪತ್ರ ತೆಗೆದಳು. ಕಂಪನಿಯವನ ಎದುರಿಗೇ ಸಹಿ ಹಾಕಬೇಕು ಎಂದು ಕೆಳಗೆ ಬರೆದಿತ್ತು.

"ತಡಿ, ನಾನು ಕರ್ಕೊಂಡು ಬರ್ತೀನಿ," ಎಂದು ಅಬು ರಕಾನ್ ಎದ್ದರು.

"ಇಳಿಯೋದು ಬೇಡ. ಕಂಬಿ ಹತ್ರ ನಿಂತು ಕೂಗಿ. ಇಲ್ಲಿ ಗದ್ದಲ ಮಾಡೋರು ಯಾರಿದ್ದಾರೆ, ಕೇಳಿಸುತ್ತೆ."

ಅವರು ಹೊರಗೆ ಹೋಗಿ ಕಂಬಿ ಹಿಡಿದು ಬಗ್ಗಿ ಕೂಗಿದರು. "ಇಂಜಿನಿಯರ್ ಸಾಹೇಬ್ರೆ..." ದನಿ ಗುಮ್ಮಟಕ್ಕೆ ಬಡಿದು ಮೂರು ಮಹಡಿಯಲ್ಲೂ ಓಡಿತು. ಕೆಳಗೆ ಬಾಗಿಲ ಹತ್ತಿರ ಹೋಗಿದ್ದ ಸಿನಾನ್ ತಿರುಗಿ ಮೇಲೆ ನೋಡಿದ. ಕಾರಂಜಿಯ ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ತಲಾಲ್ ಪಾಶಾ ತಲೆ ಎತ್ತಿದರು.

"ಏನು? ಮತ್ತೆ ಹತ್ತಬೇಕಾ?"

ನಿಬಾಲ್ ಕಂಬಿಯ ಬಳಿ ಬಂದಳು. "ಬೇಡ ಪಾಶಾ, ಕೂತಿರಿ. ನಾನೇ ಇಳಿದು ಬರ್ತೀನಿ. ಯಾರ ಹತ್ರಾನಾದ್ರೂ ಪೆನ್ನಿದ್ರೆ ತೆಗೆದಿಡಿ."

ಅವಳು ಪತ್ರವನ್ನು ಮಡಚದೆ ಕೈಯಲ್ಲಿ ಹಿಡಿದು ಎಸ್ಕಲೇಟರ್ ಇಳಿಯತೊಡಗಿದಳು. ಅಬು ರಕಾನ್ ಅವಳ ಅಂಗಡಿಯೊಳಗೆ ಹೋಗಿ, ಸ್ಟೂಲುಗಳನ್ನು ಎರಡೆರಡಾಗಿ ಎತ್ತಿ ತಮ್ಮ ಅಂಗಡಿಗೆ ಸಾಗಿಸುತ್ತಿದ್ದರು.