ಲಾಂಛನದಲ್ಲಿ ಸೌಟು

ಹೋಲ್ಡರ್‌ಬ್ರುಕ್ ಊರಿಗೆ 1957ರಲ್ಲಿ ಪಟ್ಟಣದ ಮಾನ್ಯತೆ ಸಿಕ್ಕಿತು. ಪಟ್ಟಣವೆಂದ ಮೇಲೆ ಲಾಂಛನ ಬೇಕು. ಅದನ್ನು ಬರೆಯುವ ಕೆಲಸ ಶಾಲೆಯ ಡ್ರಾಯಿಂಗ್ ಟೀಚರ್ ಹೆಡ್ವಿಗ್ ಸ್ಟ್ರಾನ್ಸೆಲ್ ಪಾಲಿಗೆ ಬಂತು. ಮಹಾಯುದ್ಧ ಮುಗಿದ ಮರುವರ್ಷ, ಪೂರ್ವದ ಸೈಲೀಷಿಯಾ ಪ್ರಾಂತ್ಯದಲ್ಲಿದ್ದ ಮನೆಮಠ ಕಳೆದುಕೊಂಡು, ಕಾಯಿಲೆಯ ತಾಯಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದವಳು ಆಕೆ. ಹನ್ನೊಂದು ವರ್ಷ ಕಳೆದರೂ ಊರಿನವರ ಬಾಯಲ್ಲಿ ಇನ್ನೂ ‘ಆ ವಲಸೆಯವಳು’.

ಊರಿನ ಹಳೆಯ ಮುದ್ರೆಯಲ್ಲಿರುವುದು ಕೋಟೆಯ ಬೀಗದ ಕೈ ಎಂದೇ ಎಲ್ಲರೂ ನಂಬಿದ್ದರು. ಮೇಯರ್ ಬೇಲೆಯವರೂ ಅದನ್ನೇ ಬರೆಯಿರಿ ಎಂದಿದ್ದರು. ಚರ್ಚಿನ ಕಡತದಲ್ಲಿದ್ದ ಅರಗಿನ ಮುದ್ರೆಯನ್ನು ಹೆಡ್ವಿಗ್ ಭೂತಗನ್ನಡಿ ಹಿಡಿದು ನೋಡಿದಳು. ಬೀಗದ ಕೈಗೆ ಹಲ್ಲುಗಳೇ ಇರಲಿಲ್ಲ. ತುದಿ ಬಟ್ಟಲಿನ ಹಾಗೆ ಗುಂಡಗಿತ್ತು. ಹಿಂದಿನ ಪಾದ್ರಿಯೊಬ್ಬರು ಅದೇ ಕಡತದಲ್ಲಿ ಬರೆದಿಟ್ಟಿದ್ದರು: ಹದಿನೇಳನೇ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಊರು ಬಿಟ್ಟು ಬಂದವರಿಗೆ ವಾಲ್‌ಬುರ್ಗಾ ಎಂಬ ವಿಧವೆ ಸೇತುವೆಯ ಮೇಲೆ ನಿಂತು ಚಳಿಗಾಲವಿಡೀ ಬಾರ್ಲಿ ಗಂಜಿ ಬಡಿಸಿದಳು. ಆಕೆಯ ನೆನಪಿಗೆ ಊರವರು ಮುದ್ರೆಯಲ್ಲಿ ಸೌಟು ಕೆತ್ತಿಸಿದರು.

ಪುರಸಭೆಯ ಸಭೆಯಲ್ಲಿ ಹೆಡ್ವಿಗ್ ಇದನ್ನು ಹೇಳಿದಾಗ ಸದಸ್ಯ, ಮಾಂಸದಂಗಡಿಯ ಕ್ನೋಖೆ ಜೋರಾಗಿ ನಕ್ಕ.

“ಪಕ್ಕದೂರಿನೋರಿಗೆ ಸಿಂಹ, ನಮಗೆ ಸೌಟಾ? ಟೀಚರ್, ನಿಮ್ಮ ಕಡೆಯೋರಿಗೆ ಬೇಕಾದ ಹಾಗೆ ಓದ್ಕೊಂಡಿದೀರ ಅಷ್ಟೇ.”

ಹೆಡ್ವಿಗ್ ಕಡತವನ್ನೂ ಭೂತಗನ್ನಡಿಯನ್ನೂ ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು. “ನೀವೇ ನೋಡಿ.”

ಮೊದಲು ಬೇಲೆ ನೋಡಿದರು. ಭೂತಗನ್ನಡಿಯನ್ನು ಕೆಳಗಿಟ್ಟರು. ಆಮೇಲೆ, “ನೀವು ಬಂದ ದಿನ ನಮ್ಮನೇಲಿ ಎರಡು ಕೋಣೆ ಖಾಲಿ ಇತ್ತು. ಜಾಗ ಇಲ್ಲ ಅಂದುಬಿಟ್ಟೆ,” ಎಂದರು.

“ನೆನಪಿದೆ,” ಎಂದಳು ಹೆಡ್ವಿಗ್. ಮುಂದಿನ ಮಾತು ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತಡವರಿಸಿದಳು. “ಕ್ನೋಖೆ ಅವರ ಅಮ್ಮ ನಮ್ಮನ್ನ ಹೊಲದಾಚೆಯ ಹಳೇ ಕೊಟ್ಟಿಗೇಲಿ ಇರಿಸ್ಕೊಂಡ್ರು. ದಿನಾ ಆಲೂಗಡ್ಡೆ ಸೂಪ್ ತರೋರು. ಮಗನಿಗೆ ಗೊತ್ತಾಗಬಾರ್ದು ಅಂತಿದ್ರು.”

ಕ್ನೋಖೆಯ ಮುಖದಲ್ಲಿದ್ದ ನಗು ಆರಿತು. “ನಮ್ಮಮ್ಮನಾ?”

“ಹೌದು. ನಮ್ಮಮ್ಮ ತೀರಿಕೊಳ್ಳೋವರೆಗೂ ತಂದ್ಕೊಟ್ರು.”

ಸೌಟಿನ ಪರ ಕೈಯೆತ್ತುವ ಹೊತ್ತು ಬಂದಾಗ ಕ್ನೋಖೆಯ ಕೈಯೇ ಮೊದಲು ಮೇಲೆದ್ದಿತು.

ನೀಲಿಯ ಮೇಲೆ ಬಿಳಿ ಸೌಟು, ಕೆಳಗೆ ಸೇತುವೆ. ವಸಂತದಲ್ಲಿ ಲಾಂಛನ ಪುರಭವನದ ಬಾಗಿಲ ಮೇಲೇರಿತು. ಪಕ್ಕದೂರಿನವರು ‘ಗಂಜಿಯೂರು’ ಎಂದು ಆಡಿಕೊಂಡರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕ್ನೋಖೆ ಟೋಪಿ ಕೈಯಲ್ಲಿ ಹಿಡಿದು ಹೆಡ್ವಿಗ್ ಮನೆಗೆ ಬಂದ. ಕಾಫಿ ಮುಗಿಯುವವರೆಗೂ ಹವೆಯ ವಿಚಾರವನ್ನೇ ಆಡಿದ. ಕೊನೆಗೆ ಕೇಳಿದ: “ಅಮ್ಮ ಬದುಕಿದ್ದಾಗ ನಂಗೇನೂ ಹೇಳ್ಲಿಲ್ಲ. ಕೊಟ್ಟಿಗೆಗೆ ಬಂದಾಗ ಇನ್ನೇನೇನು ಮಾತಾಡೋಳು, ಟೀಚರ್?”

ಹೆಡ್ವಿಗ್ ಇನ್ನೊಂದು ಲೋಟ ಕಾಫಿ ಬಗ್ಗಿಸಿ, ಹೇಳತೊಡಗಿದಳು.