ಮಲಗಿದ ಕೈ

"ಹೋದ ಬೇಸಿಗೇಲಿ ಸೂರ್ಯ ಕಾಲು ಜಾರಿ ನಮ್ಮ ಸೈಟಿನ ಹಿಂದ್ಗಡೆ ಬಿದ್ದಿದ್ದ. ನಾನೇ ಈ ಬರಿಗೈಲಿ ಎತ್ತಿ ಮೇಲಿಟ್ಟೆ. ಏನ್ ಮಹಾ ಬಿಸಿ? ಉಗುರು ಬೆಚ್ಚಗಿದ್ದ, ಅಷ್ಟೆ."

ಹೀಗೆನ್ನುತ್ತ ಬೆಂಕಿಮಾವ ಒಲೆಯ ಮೇಲೆ ತಕತಕ ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನು ಬಟ್ಟೆಯಿಲ್ಲದೆ, ಇಕ್ಕಳವಿಲ್ಲದೆ, ಎರಡೂ ಅಂಗೈಯಲ್ಲಿ ಹಿಡಿದು ಕೆಳಗಿಳಿಸಿದ. ಕೋಣೆಯವರೆಲ್ಲ ಸಿಳ್ಳೆ ಹಾಕಿದರು.

"ಸುಡಲ್ವಾ ಮಾವ?"

"ಬೆಂಕಿ ನಂಗೆ ತಂಗಿ ಆಗ್ಬೇಕು ಕಣ್ರೋ. ಅಣ್ಣನ್ನ ಸುಡ್ತಾಳಾ?"

ಆ ಕೋಣೆಯಲ್ಲಿ ಒಬ್ಬ ಮಗ್ಗುಲು ಬದಲಿಸಿದರೆ ಉಳಿದವರೆಲ್ಲ ಬದಲಿಸಬೇಕಿತ್ತು. ಒಬ್ಬನಿಗೆ ಬಿದ್ದ ಕನಸು ಬೆಳಗಾಗುವಷ್ಟರಲ್ಲಿ ಎಲ್ಲರ ತಲೆ ಸುತ್ತಿ ಬಂದಿರುತ್ತಿತ್ತು. ಪರದೇಶಕ್ಕೆ ದುಡಿಯಲು ಬಂದ ಆ ಗಂಡಸರಿಗೆಲ್ಲ ಅವನು ಮಾವನೇ. ಸೋದರಮಾವನಾಗಿದ್ದದ್ದು ಮಾತ್ರ ಒಬ್ಬನಿಗೆ, ಅಕ್ಕನ ಮಗನಿಗೆ. ಎಲ್ಲರೂ ಸಿಳ್ಳೆ ಹಾಕುವಾಗ ಆ ಅಳಿಯನ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು.

ಮಾವನ ಕೆಲಸ ಹಳೆಯ ಕಟ್ಟಡಗಳ ಕಾಂಕ್ರೀಟು ನೆಲ ಒಡೆಯುವುದು. ಅವನ ಯಂತ್ರ ಆನೆಮರಿಯ ತೂಕದ್ದು. ಅದು ಶುರುವಾದರೆ ಪಾತಾಳದಲ್ಲಿ ಮಲಗಿದವರೂ ಎದ್ದು ಕೂತು ಬೈಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವನು ಯಂತ್ರವನ್ನು ಹಿಡಿದಿರುತ್ತಿದ್ದನೋ, ಯಂತ್ರವೇ ಅವನನ್ನು ಹಿಡಿದಿರುತ್ತಿತ್ತೋ, ಹೇಳುವುದು ಕಷ್ಟ. ಅಳಿಯ ಹಿಂದಿನಿಂದ ಪುಡಿ ಗುಡಿಸಿ ಮೂಟೆ ಹೊರುತ್ತಿದ್ದ. ಸಂಜೆ ಅವನು ಉಗುಳಿದ್ದೂ ಸಿಮೆಂಟಿನ ಬಣ್ಣದ್ದೇ.

"ಮಾವ, ಕೈ ತೋರ್ಸು."

"ಕೈನೇನ್ ನೋಡ್ತೀಯ, ಜ್ಯೋತಿಷಿನಾ ನೀನು?"

ಅಂಗೈ ತುಂಬ ಬೊಬ್ಬೆ ಎದ್ದಿತ್ತು.

"ದಿನಾ ಬೆಳಿಗ್ಗೆ ನಿನ್ನ ಅಂಗಿ ಗುಂಡಿ ನಾನ್ಯಾಕೆ ಹಾಕ್ಬೇಕು, ಹೇಳು."

"ಸೋದರಮಾವನ ಸೇವೆ ಮಾಡ್ದೋನಿಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟು."

"ತಮಾಷೆ ಸಾಕು. ಡಾಕ್ಟರ ಹತ್ರ ಹೋಗಣ."

ಯಾವ ಡಾಕ್ಟರು? ದೊಡ್ಡ ಆಸ್ಪತ್ರೆಯಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಳಗೆ ಹೋದವರ ಜೇಬೂ ಹಾಗೆಯೇ. ಕಂಪನಿಯ ಡಾಕ್ಟರು ಬಿಟ್ಟಿ. ಆತ ನಾಲಿಗೆ ನೋಡಿ ಬಿಳಿ ಗುಳಿಗೆ ಕೊಟ್ಟು, ರೋಗಿ ಮೆಟ್ಟಿಲಿಳಿಯುವ ಮೊದಲೇ ಮೇಸ್ತ್ರಿಗೆ ಫೋನು ಮಾಡುತ್ತಿದ್ದ. ಮಾವನ ಕೆಳಗಿನ ಮಂಚದವನು ಅಲ್ಲಿಗೆ ಹೋಗಿ ಬೆನ್ನು ಹಿಡಿದಿದೆ ಎಂದಿದ್ದ. ಈಗ ಆ ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ ಮಾತ್ರ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಬಟ್ಟೆ ಒಗೆಯುವ ಅಂಗಡಿಯ ಹಿಂದೆ, ವಾರದ ರಜೆಯ ದಿನ, ಒಬ್ಬ ಡಾಕ್ಟರಮ್ಮ ಕೂರುತ್ತಾಳೆ, ಒಂದು ಚಾದ ದುಡ್ಡಿಗೆ ನೋಡುತ್ತಾಳೆ ಎಂದು ಸುದ್ದಿ ಇತ್ತು. ಆದರೆ ಕೆಲಸದ ಕಾರ್ಡು ತೋರಿಸಬೇಕು. ಎಲ್ಲರ ಕಾರ್ಡೂ ಮೇಸ್ತ್ರಿಯ ಸೊಂಟದ ಚೀಲದಲ್ಲಿತ್ತು.

ಮೇಸ್ತ್ರಿ ಕನ್ನಡದವನೇ. ಮಾವ ಅವನಿಗಷ್ಟೇ ಅಲ್ಲ, ಅವನ ವ್ಯಾನಿಗೂ ಬಹುವಚನ ಕೊಡುತ್ತಿದ್ದ. "ವ್ಯಾನು ಬಂದ್ರು" ಎನ್ನುತ್ತಿದ್ದ.

"ಮೇಸ್ತ್ರಿಗಳೇ, ಕಾರ್ಡು ಒಂದು ಗಳಿಗೆ ಕೊಡ್ತೀರಾ? ಕೈ ಒಂಚೂರು ಜೋಮು ಹಿಡೀತದೆ."

"ಜೋಮಾ? ಕೊಬ್ಬು ಅನ್ನು ಬೋಳಿಮಗನೆ. ಯಾವ ಕೈ?"

"ಎರಡೂನೂ."

"ಹಂಗಾದ್ರೆ ಸರಿಯಾಗೇ ಇದೆ, ಜೋಡಿ ತಪ್ಪಿಲ್ಲ." ಮೇಸ್ತ್ರಿ ಬಕೆಟನ್ನು ಕಾಲಿನಿಂದ ಮುಂದೆ ತಳ್ಳಿದ. "ವ್ಯಾನ್ ತೊಳಿ. ಕೈ ಹೆಂಗಿದೆ ಅಂತ ಇಲ್ಲೇ ಗೊತ್ತಾಗ್ತದೆ."

ಮಾವ ಬಟ್ಟೆ ಅದ್ದಿ ಹಿಂಡಿದ. ಬಟ್ಟೆ ಜಾರಿ ಬಿತ್ತು. ಎತ್ತಿದ. ಮತ್ತೆ ಬಿತ್ತು.

"ಥೂ! ಹೆಂಡ್ತಿ ಸೀರೆ ಸೆರಗಾದ್ರೂ ಹಿಡ್ಕೊಂಡಿದ್ಯೇನೋ ಯಾವತ್ತಾದ್ರೂ?"

ಮಾವ ನಕ್ಕ. ಮೇಸ್ತ್ರಿ ನಗಿಸಿದಾಗ ನಗಬೇಕಿತ್ತು. ಅಳಿಯ ಬಟ್ಟೆ ಎತ್ತಿಕೊಂಡು ವ್ಯಾನು ತೊಳೆದ.

"ಅಲ್ಲಿ ನಿನ್ನ ಭಾಷೆ ಯಾವ ನಾಯಿಗೆ ಅರ್ಥ ಆಗ್ತದೆ? ನಾನೇ ಬರ್ತೀನಿ ಹೇಳಕ್ಕೆ. ಕೈ ಕೆಟ್ಟಿದೆ ಅಂತ ಅವಳೇನಾದ್ರೂ ಬರೆದ್ಲೋ, ಹಾಕ್ಕೊಂಡಿರೋ ಅಂಗಿಲೇ ಊರಿಗೆ ವಿಮಾನ ಹತ್ತಿಸ್ತೀನಿ," ಎನ್ನುತ್ತ ಮೇಸ್ತ್ರಿ ಚೀಲದಿಂದ ಕಾರ್ಡು ತೆಗೆದ.

ಅಂಗಡಿಯ ಹಿಂದಿನ ಓಣಿಯಲ್ಲಿ ಸೋಪಿನ ನೀರು ಹರಿಯುತ್ತಿತ್ತು. ಜನ ಗೋಡೆಗೊರಗಿ ಸಾಲಾಗಿ ಕೂತಿದ್ದರು. ಮೇಸ್ತ್ರಿ ಸಿಗರೇಟು ಸೇದಲು ಹೊರಗೆ ನಿಂತ. ಪರದೆಯ ಸಂದಿಯಿಂದ ಮಾವ ಒಳಗೆ ಇಣುಕಿದ. ಡಾಕ್ಟರಮ್ಮ ಒಬ್ಬನ ಕಣ್ಣು ಮುಚ್ಚಿಸಿ, ಬೆರಳಿಗೆ ಗುಂಡುಪಿನ್ನು ತಾಗಿಸುತ್ತಿದ್ದಳು. ತಾಗಿದಾಗೆಲ್ಲ ಅವನು ತಲೆಯಾಡಿಸುತ್ತಿದ್ದ.

ಮಾವ ಅಳಿಯನ ಕಿವಿಗೆ ಬಾಯಿಟ್ಟ. "ನಾ ಕಣ್ಮುಚ್ಚಿದ್ಮೇಲೆ ಪಿನ್ನು ತಾಗಿದಾಗೆಲ್ಲ ನೀ ಒಂದ್ಸಲ ಕೆಮ್ಮು. ನಾ ಹೂಂ ಅಂತೀನಿ."

"ಕೈ ಚೆನ್ನಾಗಿದೆ ಅಂದ್ರೆ ಔಷಧಿ ಯಾಕೆ ಕೊಡ್ತಾರೆ ಮಾವ?"

"ಚೆನ್ನಾಗೂ ಇರ್ಬೇಕು, ಔಷಧಿನೂ ಸಿಗ್ಬೇಕು."

"ಬ್ರಹ್ಮಚಾರಿನೂ ಆಗಿರ್ಬೇಕು, ಮಕ್ಕಳೂ ಆಗ್ಬೇಕು."

"ಆ ಸುತ್ತಿಟ್ಟ ಹಾಸಿಗೆ ನೋಡಿದ್ಯಲ್ಲ? ಸುಮ್ನೆ ಕೆಮ್ಮು."

ಸರದಿ ಬಂತು. ಒಳಗೆ ಮೇಸ್ತ್ರಿ 'ಜೋಮು' ಎಂಬ ಮಾತಿಗೆ ಅವರ ಭಾಷೆಯಲ್ಲಿ ತಡಕಾಡಿದ. ಸಿಗಲಿಲ್ಲ. ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು, ಕಣ್ಣು ಮುಚ್ಚಿ, ಗೊರಕೆಯ ಸದ್ದು ಮಾಡಿದ. ಕೈ ಮಲಗಿದೆಯಂತೆ! ಡಾಕ್ಟರಮ್ಮ ನಕ್ಕಳು. ಮೇಸ್ತ್ರಿಯೂ ನಕ್ಕ. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ.

ಅವನ ಕಣ್ಣು ಮುಚ್ಚಿಸಿದರು. ಬಾಗಿಲ ಬಳಿ ನಿಂತ ಅಳಿಯ ಕೆಮ್ಮಿದ.

"ಹೂಂ."

ಕೆಮ್ಮಿದ.

"ಹೂಂ. ಸೊಳ್ಳೆ ಕಾಲಿಟ್ರೂ ಗೊತ್ತಾಗ್ತದೆ ಅನ್ನಿ ಮೇಸ್ತ್ರಿಗಳೇ. ನನ್ನ ಮೇಲಲ್ಲ, ಪಕ್ಕದ ಬೀದಿಯವನ ಮೇಲೆ!"

ಮೇಸ್ತ್ರಿ ಅದನ್ನು ಹೇಳಿದನೋ ಇಲ್ಲವೋ. ಡಾಕ್ಟರಮ್ಮ ಪಿನ್ನನ್ನು ತಟ್ಟೆಯಲ್ಲಿಟ್ಟು ಪೆನ್ನು ಹುಡುಕಲು ತಿರುಗಿದಳು. ಅಷ್ಟರಲ್ಲಿ ಅಳಿಯನಿಗೆ ನಿಜವಾದ ಕೆಮ್ಮು ಬಂತು. ಒಡೆದ ನೆಲಗಳ ಪುಡಿಯೆಲ್ಲ ಒಮ್ಮೆಲೇ ಎದ್ದು ಬಂದಂತೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದ, ನಿಲ್ಲಲಿಲ್ಲ.

"ಹೂಂ. ಹೂಂ. ಹೂಂ ಹೂಂ. ನಿಧಾನ ಕಣಮ್ಮ. ಹೂಂ. ಅಯ್ಯೋ, ಹೂಂ ಹೂಂ."

ಮಾವ ಕಣ್ಣು ಬಿಟ್ಟ. ಪಿನ್ನು ತಟ್ಟೆಯಲ್ಲಿತ್ತು. ಡಾಕ್ಟರಮ್ಮ ಪೆನ್ನು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು.

"ಕಳ್ಳ ಸೂಳೆಮಗ," ಎಂದ ಮೇಸ್ತ್ರಿ.

ಡಾಕ್ಟರಮ್ಮ ಮಾವನ ಅಂಗೈ ತಿರುಗಿಸಿ, ಬೊಬ್ಬೆಗಳನ್ನು ತೋರಿಸಿ ಏನೋ ಕೇಳಿದಳು. ಮೇಸ್ತ್ರಿ ಮತ್ತೆ ಎರಡು ಕೈ ಜೋಡಿಸಿ ಕೆನ್ನೆಗಿಟ್ಟು ಹಲ್ಲು ಬಿಟ್ಟ. ಮಲಗಿದೆ, ಅಷ್ಟೆ.

ಮಾವ ಪಿನ್ನು ಎತ್ತಿಕೊಳ್ಳಲು ಹೋದ. ಬೆರಳಿಗೆ ಸಿಗಲಿಲ್ಲ. ಬಗ್ಗಿ, ದರ್ಜಿಯ ಹಾಗೆ ತುಟಿಯಲ್ಲಿ ಕಚ್ಚಿಕೊಂಡ. ತೋರುಬೆರಳನ್ನು ಅದರ ಮೊನೆಗೆ ಒತ್ತಿದ. ಇನ್ನೂ ಒತ್ತಿದ. ತುಟಿ ಬಿಟ್ಟಾಗ ಪಿನ್ನು ಬೆರಳಲ್ಲೇ ನೇತಾಡುತ್ತಿತ್ತು. ರಕ್ತ ನಿಧಾನಕ್ಕೆ ಇಳಿಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಏಳೋ ಮೇಲೆ. ನಾಳೇನೇ ಹತ್ತಿಸ್ತೀನಿ ನಿನ್ನ!"

"ಹತ್ಸು. ಮೊದ್ಲು ನಾ ಹೇಳೋದನ್ನ ಈ ಅಮ್ಮನಿಗೆ ಹೇಳೋ ಮೇಸ್ತ್ರಿ."

ಬಾಗಿಲ ಬಳಿ ಅಳಿಯ ತಲೆಯೆತ್ತಿದ. ಮಾವ ಮೇಸ್ತ್ರಿಗೆ 'ಹೇಳೋ' ಎಂದಿದ್ದ.

"ಸೂರ್ಯನ್ನ ನಾ ಎತ್ತಲಿಲ್ಲ. ಸುಳ್ಳು. ಪಾತ್ರೆ ಬಿಸಿ ಇತ್ತು ಅಂತ ಚರ್ಮದ ವಾಸನೆ ಬಂದ್ಮೇಲೇ ನಂಗೆ ಗೊತ್ತಾಗೋದು. ಹೋದ ಸಲ ರಜಕ್ಕೆ ಹೋದಾಗ ಮಗಳ ತಲೆ ಸವರಿದೆ. ಕೂದ್ಲೋ ಹಗ್ಗವೋ ಗೊತ್ತಾಗ್ಲಿಲ್ಲ. ಮಲ್ಗಿಲ್ಲ ಇದು. ಸತ್ತಿದೆ. ಸತ್ತಿದೆ ಅಂತ ಹೇಳೋ."

ಮೇಸ್ತ್ರಿ ಸೊಂಟದ ಚೀಲ ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದ.

ಮಾವ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಪಕ್ಕದಲ್ಲಿದ್ದ ಬಿಳಿ ಬಟ್ಟೆಯನ್ನು ಹಲ್ಲಿನಿಂದ ಎಳೆದು, ಹೆಣಕ್ಕೆ ಹೊದಿಸುವ ಹಾಗೆ ಅವುಗಳ ಮೇಲೆ ಹೊದಿಸಿದ. ಡಾಕ್ಟರಮ್ಮ ನಗಲಿಲ್ಲ.

ಬಾಗಿಲ ಬಳಿ ಅಳಿಯನಿಗೆ ಮತ್ತೆ ಕೆಮ್ಮು ಬಂತು. ಈ ಸಲ ಮಾವ ಹೂಂ ಎನ್ನಲಿಲ್ಲ.