‘ಕುಂದರ್ಸ್ಯಾರ’ ಅನ್ನುವ ಮಾತು

ಅಮೃತಪ್ಪ ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಸಾಯಿರಾ ಬಂದು ಹೊಸ್ತಿಲ ಹೊರಗೆ ನಿಂತಳು. ಹಿಂದಿನ ಓಣಿಯ ಬಂದೇಅಲಿಯ ಹೆಂಡತಿ. ರಾತ್ರಿಯೆಲ್ಲ ಅತ್ತು ಕಣ್ಣು ಕೆಂಪಾಗಿದ್ದವು.

"ಬಾರವ್ವಾ, ಕುಂದ್ರು," ಎಂದರು ಅಮೃತಪ್ಪ.

ಅವಳು ಕೂರಲಿಲ್ಲ. "ನಿನ್ನೆ ಮುಂಜಾನೆ ಠಾಣಾಕ್ಕ ಒಯ್ದಾರ ಕಾಕಾ. ಇನ್ನೂ ಬಿಟ್ಟಿಲ್ಲ. ಕುಂದರ್ಸ್ಯಾರ."

ಹಿರೇಗುಂಪಾದಲ್ಲಿ ಈ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಬಂಧಿಸಿದ್ದಾರೆ ಅಂದರೆ ಕೇಸು, ಕೋರ್ಟು, ವಕೀಲರು ಎಲ್ಲ ಬರಬೇಕು. ಕುಂದರ್ಸ್ಯಾರ, ಅಂದರೆ ಬರೀ ಕೂರಿಸಿದ್ದಾರೆ ಅಂದರೆ ಏನೂ ಬರಬೇಕಾಗಿಲ್ಲ. ಒಬ್ಬ ಮನುಷ್ಯನ ಚಪ್ಪಲಿ, ಮೊಬೈಲು ಕಸಿದುಕೊಂಡು, ಗೋಡೆಗೆ ಆನಿಸಿ ನೆಲದ ಮೇಲೆ ಕೂರಿಸಿ ಹಗಲೂ ರಾತ್ರಿ ಹಾಗೇ ಬಿಟ್ಟರೂ ಯಾರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮನೆಗೆ ಬಂದ ಬೀಗರಿಗೆ ‘ಕುಂದ್ರಿ’ ಎಂದು ಹೇಳುವ ಮಾತನ್ನೇ ಒಯ್ದು ಇಂಥ ಅನ್ಯಾಯಕ್ಕೆ ಹೆಸರಿಟ್ಟ ಊರು ಅದು. ಹೆಸರು ಮೆತ್ತಗಿದ್ದುದರಿಂದ ಯಾರಿಗೂ ಚುಚ್ಚುತ್ತಿರಲಿಲ್ಲ.

ಬಂದೇಅಲಿ ಮಾಡಿದ್ದು ಇಷ್ಟೇ. ಊರ ಪಕ್ಕದ ಕಲ್ಲಿನ ಖಣಿಯಲ್ಲಿ ಹಾಡಹಗಲೇ ಮದ್ದು ಸಿಡಿಸಿದಾಗ ಒಂದು ಕಲ್ಲು ಹಾರಿ ಬಂದು ಅಂಗನವಾಡಿಯ ತಗಡು ತೂತು ಮಾಡಿತ್ತು. ಒಳಗೆ ಮಕ್ಕಳು ಉಣ್ಣುತ್ತಿದ್ದರು. ಬಂದೇಅಲಿ ಆ ತೂತನ್ನೂ ಕಲ್ಲನ್ನೂ ವಿಡಿಯೊ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಊರ ಪಕ್ಕದಲ್ಲೇ ಮದ್ದು ಹಾರಿಸಲು ಪರವಾನಗಿ ಕೊಟ್ಟವರು ಯಾರು ಎಂದು ಕೇಳಿದ್ದ. ಮೊದಮೊದಲು ಮೇಲೆತ್ತಿದ ಹೆಬ್ಬೆರಳುಗಳೇ ಹೆಬ್ಬೆರಳುಗಳು. ಠಾಣೆಯ ಜೀಪು ಓಣಿಗೆ ಬಂದದ್ದೇ ತಡ, ಅವೆಲ್ಲ ಒಂದೊಂದಾಗಿ ಮಾಯವಾದವು. ಕಲ್ಲು ಬಿದ್ದದ್ದು ಭಾಗಣ್ಣನ ಮೊಮ್ಮಗಳ ತಾಟಿನ ಪಕ್ಕದಲ್ಲಿ. ಆ ಭಾಗಣ್ಣನೇ ಗ್ರೂಪು ಬಿಟ್ಟು ಹೋಗಿದ್ದ.

ಇಂಥ ಹೊತ್ತಿಗೆಂದೇ ಊರಿನಲ್ಲಿ ಅಮೃತಪ್ಪ ಗೌಡರು ಇದ್ದರು. ಯಾರನ್ನು ಕುಂದರಿಸಿದರೂ ಬಿಡಿಸಿ ತರುವವರು ಅವರೇ. ಇಸ್ತ್ರಿಯ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹೆಗಲಿಗೆ ಶಲ್ಯ ಹಾಕಿ ಠಾಣೆಗೆ ಹೋಗುತ್ತಿದ್ದರು. ಹುಡುಗರ ಬುದ್ಧಿ, ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈ ಮುಗಿಯುತ್ತಿದ್ದರು. ಕೂತವನಿಂದಲೂ ಅದನ್ನೇ ಹೇಳಿಸುತ್ತಿದ್ದರು. ತಪ್ಪು ಏನೆಂದು ಇವರು ಕೇಳಿದ್ದಿಲ್ಲ, ಪೊಲೀಸರು ಹೇಳಿದ್ದಿಲ್ಲ. ಊರು ಇವರನ್ನು ದೊಡ್ಡ ಮನುಷ್ಯರೆಂದು ಹೊಗಳುತ್ತಿತ್ತು, ಆ ಹೊಗಳಿಕೆ ಇವರಿಗೆ ರುಚಿಸುತ್ತಲೂ ಇತ್ತು.

"ಹೋಗಿ ಬರ್ತೀನಿ ತಗೋ. ಎರಡು ಮಾತು ತಗ್ಗಿ ಅಂದ್ರ ಬಿಡ್ತಾರ," ಎಂದು ಅಮೃತಪ್ಪ ಕೈ ತೊಳೆದರು.

"ತಗ್ಗಬ್ಯಾಡ್ರಿ ಕಾಕಾ," ಎಂದಳು ಸಾಯಿರಾ. "ಅವ್ರು ಏನು ತಪ್ಪು ಮಾಡ್ಯಾರ ಹೇಳ್ರಿ, ನಾನೇ ಬಂದು ಕಾಲಿಗಿ ಬೀಳ್ತೀನಿ. ಕುಂದರ್ಸೋದು ಅಂದ್ರ ಏನ್ರಿ? ಹಂಗಂತ ಕಾನೂನದಾಗ ಅದ ಏನು?"

ಅಮೃತಪ್ಪನವರಿಗೆ ಸಿಟ್ಟು ಬಂತು. ನೆರವು ಕೇಳಲು ಬಂದವಳು ತಮಗೇ ಸವಾಲು ಹಾಕುತ್ತಾಳಲ್ಲ ಎನಿಸಿತು. ಎದ್ದು ಶಲ್ಯ ಕೊಡವಿದರು. ಹೆಂಡತಿ ಶಿವಕಾಂತಮ್ಮ ರೊಟ್ಟಿಬುಟ್ಟಿ ಎತ್ತಿಡುತ್ತ, "ಆಕಿ ಕೇಳಿದ್ದಕ್ಕ ನೀವು ಉತ್ತರ ಕೊಡಲಿಲ್ಲ," ಎಂದರು.

ಠಾಣೆಯ ದಾರಿಯಲ್ಲಿ ಗಾಡಿ ನಿಲ್ಲಿಸಿ, ಚಿತ್ತಾಪುರದಲ್ಲಿ ವಕೀಲಿ ಮಾಡುವ ತಮ್ಮನ ಮಗ ಶರಣಕುಮಾರನಿಗೆ ಫೋನು ಹಚ್ಚಿ ಅದನ್ನೇ ಕೇಳಿದರು. ಹಿಡಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಒಂದು ದಿನದೊಳಗೆ ಜಡ್ಜರ ಮುಂದೆ ನಿಲ್ಲಿಸಬೇಕು ಎಂದು ಅವನು ವಿವರಿಸಿದ.

"ಕುಂದರ್ಸೋದು ಅಂತ ಯಾವ ಕಾನೂನದಾಗೂ ಇಲ್ಲ ದೊಡ್ಡಪ್ಪಾ. ಕೈ ಮುಗಿದು ಮುಗಿದು ನಾವೇ ಅದನ್ನ ಕಾನೂನು ಮಾಡೀವಿ."

ಅಮೃತಪ್ಪ ಫೋನು ಇಟ್ಟರು. ವಾಡಿಯ ಸಿಮೆಂಟು ಕಾರ್ಖಾನೆಯ ಕಡೆ ಹೊರಟ ಕಲ್ಲಿನ ಲಾರಿಗಳು ಬಿಳಿ ಧೂಳು ಎರಚಿಕೊಂಡು ಹೋಗುತ್ತಿದ್ದವು. ತಾವು ಬಿಡಿಸಿ ತಂದವರ ಮುಖಗಳು ನೆನಪಾದವು. ಅವರಲ್ಲಿ ಒಬ್ಬನೂ ಆಮೇಲೆ ಗ್ರಾಮಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ಅವರು ಕಂಡಿರಲಿಲ್ಲ.

ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಊರಿನ ನಾಲ್ಕಾರು ಜನ ನಿಂತಿದ್ದರು. ಒಳಗೆ ಹೋಗಲು ಧೈರ್ಯವಿಲ್ಲ, ಮನೆಯಲ್ಲಿರಲು ಮನಸ್ಸಿಲ್ಲ. ಭಾಗಣ್ಣ ಹತ್ತಿರ ಬಂದು, "ಗೌಡ್ರ, ನಮ್ಮ ಹೆಸರು ಮಾತ್ರ ತೆಗಿಬ್ಯಾಡ್ರಿ," ಎಂದು ಪಿಸುಗುಟ್ಟಿದ. ಸಾಯಿರಾ ಆಗಲೇ ಆಟೋ ಹಿಡಿದು ಬಂದು ಗೇಟಿನ ಬಳಿ ನಿಂತಿದ್ದಳು.

"ಬರ್ರಿ ಗೌಡ್ರ, ಕುಂದ್ರಿ," ಎಂದು ಠಾಣೆಯೊಳಗೆ ಪಿಎಸ್‌ಐ ಸಾಹೇಬರು ಎದ್ದು ಕುರ್ಚಿ ಎಳೆದರು. ಅದೇ ಕೋಣೆಯ ಮೂಲೆಯಲ್ಲಿ ಬಂದೇಅಲಿ ಬರಿಗಾಲಲ್ಲಿ ನೆಲದ ಮೇಲೆ ಕೂತಿದ್ದ. ಇಬ್ಬರಿಗೂ ಹೇಳಿದ್ದು ಅದೇ ಮಾತು. ಒಬ್ಬರಿಗೆ ಕುರ್ಚಿ ಬಂದಿತ್ತು, ಇನ್ನೊಬ್ಬನಿಗೆ ನೆಲ.

ಸಾಹೇಬರು ಚಹಾ ತರಿಸಿದರು. "ಅರೆಸ್ಟ್ ಮಾಡಿಲ್ರಿ. ಮಾಡಿದ್ರ ಕೇಸ್ ಬೀಳ್ತದ, ಜಿಂದಗಿ ಹಾಳಾಗ್ತದ. ಅವನ ಒಳ್ಳೇದಕ್ಕೇ ಕುಂದರ್ಸೀವಿ. ಊರಾಗ ಗದ್ದಲ ಆದ್ರ ಮ್ಯಾಲಿನವ್ರು ನನ್ನ ಕೊಳ್ಳಿಗಿ ಬೀಳ್ತಾರ. ವಿಡಿಯೊ ತೆಗೆದು, ಖಣಿ ಸಾಹುಕಾರ್ರ ಮುಂದ ತಪ್ಪಾಯ್ತು ಅಂತ ಒಂದು ಮಾತು ಅನ್ಲಿ, ಕರ್ಕೊಂಡು ಹೋಗ್ರಿ."

ರೂಢಿಯಂತೆ ಅಮೃತಪ್ಪನವರ ಕೈಗಳು ಮೇಲೆದ್ದವು. ಬಂದೇಅಲಿ ಅದನ್ನು ನೋಡಿದ. ಮುಂದೆ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಈಗಲೇ ತಯಾರಾದವನಂತೆ ತಲೆ ತಗ್ಗಿಸಿದ.

ತಗ್ಗಿದ ಆ ಕುತ್ತಿಗೆ ಕಂಡು ಅಮೃತಪ್ಪನವರ ಕೈ ಅರ್ಧಕ್ಕೇ ನಿಂತಿತು. ಮಕ್ಕಳ ತಲೆಯ ಮೇಲೆ ಕಲ್ಲು ಹಾರಿಸಿದವನು ಆರಾಮಾಗಿ ಮನೆಯಲ್ಲಿದ್ದಾನೆ, ಅದನ್ನು ತೋರಿಸಿದವನು ಇಲ್ಲಿ ನೆಲ ನೋಡುತ್ತಿದ್ದಾನೆ, ಅವನಿಂದ ಕ್ಷಮೆ ಹೇಳಿಸಲು ತಾವು ವಿಭೂತಿ ಹಚ್ಚಿಕೊಂಡು ಬಂದದ್ದಾಯಿತು. ಅವರು ಕುರ್ಚಿಯಿಂದ ಎದ್ದರು. ನೆಟ್ಟಗೆ ಹೋಗಿ ಬಂದೇಅಲಿಯ ಪಕ್ಕದಲ್ಲಿ ನೆಲಕ್ಕೆ ಕೂತರು.

"ಅರೆಸ್ಟ್ ಆಗಿದ್ರ ಯಾಕಂತ ಬರೀರಿ, ಕೋರ್ಟಿಗಿ ಒಯ್ರಿ. ಇಲ್ಲಂದ್ರ ಮನಿಗಿ ಕಳಸ್ರಿ. ಕುಂದರ್ಸೋದೇ ಆದ್ರ ನನ್ನೂ ಕುಂದರ್ಸ್ರಿ ಸಾಹೇಬ್ರ. ತಗಡು ತೂತು ಬಿದ್ದದ್ದು ನಾನೂ ನೋಡೀನಿ."

ನಿನ್ನೆಯಿಂದ ನೆಲದ ಮೇಲಿದ್ದ ಬಂದೇಅಲಿ ಆ ಠಾಣೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಸ್ತ್ರಿಯ ಧೋತರ ನೆಲ ಮುಟ್ಟಿದ್ದೇ ಪೇದೆಗಳು ಗಾಬರಿಯಿಂದ ಓಡಾಡತೊಡಗಿದರು. ನಾಚಿಕೆಗೇಡು ಅಂದರೆ ಇದೇ. ಸಾಹೇಬರು ಮೊದಲು ಮೆತ್ತಗೆ ಏಳಿ ಎಂದರು, ಆಮೇಲೆ ಬಿರುಸಾಗಿ ಎಂದರು. ಅಮೃತಪ್ಪ ಏಳಲಿಲ್ಲ. ಸಾಯಿರಾ ಒಳಗೆ ಬಂದು ಗಂಡನ ಮಗ್ಗುಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ನೆರಳು ಕಂಡಿತು.

"ನನ್ನ ಹೆಸರು ಭಾಗಣ್ಣರಿ. ಕಲ್ಲು ಬಿದ್ದದ್ದು ನಮ್ಮ ಹುಡುಗಿ ತಾಟಿನ ಬಾಜೂಕ," ಎಂದು ಅವನೂ ಕೂತ. ಅವನ ಹಿಂದೆ ಚಹಾದಂಗಡಿಯ ಉಳಿದವರೂ ಬಂದರು.

ಸಾಹೇಬರು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದರು. ಮರಳಿ ಬಂದವರು ಬಂದೇಅಲಿಯ ಮೊಬೈಲನ್ನು ಮೇಜಿನ ಮೇಲೆ ಒಗೆದು, ಆಯಿತು, ಎಲ್ಲರೂ ಎದ್ದು ಹೋಗಿ ಎಂದರು.

ಅಮೃತಪ್ಪ ನಿಟ್ಟುಸಿರು ಬಿಟ್ಟು, ಏಳಲೆಂದು ಮೊಣಕಾಲಿನ ಮೇಲೆ ಕೈಯೂರಿದರು. ಬಂದೇಅಲಿ ಏಳಲಿಲ್ಲ. ತಲೆಯೆತ್ತಿ ಮೇಜಿನ ಕಡೆ ನೋಡಿದ.

"ನನ್ನ ಯಾಕ ತಂದಿದ್ರಿ ಸಾಹೇಬ್ರ? ಅದನ್ನ ಹೇಳ್ರಿ, ಏಳ್ತೀನಿ."

ಅಮೃತಪ್ಪ ಮೊಣಕಾಲಿನ ಮೇಲಿನ ಕೈ ತೆಗೆದರು. ಹೆಗಲ ಶಲ್ಯವನ್ನು ಮಡಚಿ ಕೆಳಗೆ ಹಾಸಿಕೊಂಡು, ಮತ್ತೆ ಸರಿಯಾಗಿ ಕೂತರು.